ಕಟ್ಟೆಮನೆಯಿಂದ ಕೋರ್ಟಿಗೆ: ನಾಯಕನಹಟ್ಟಿಯಲ್ಲಿ ಮಗು ಯಾರ ಪಾಲಿಗೆ?

ಚಳ್ಳಕೆರೆ ಬಿಟ್ಟ ಬಸ್ಸು ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಬಯಲಿನಲ್ಲಿ ಓಡಿ ನಾಯಕನಹಟ್ಟಿ ಸೇರುತ್ತದೆ. ದಾರಿಯುದ್ದಕ್ಕೂ ಶೇಂಗಾ ಹೊಲ, ಜಾಲಿ ಗಿಡ. ಮಳೆ ಬಂದ ವರ್ಷ ಹಸಿರು, ಬಾರದ ವರ್ಷ ಬರೀ ಕೆಂಪು ಮಣ್ಣು. ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ಸು, ಒಂದು ಕಾಲಕ್ಕೆ ಅಮೃತಮಹಲ್ ಕಾವಲಾಗಿದ್ದ ನೆಲದಲ್ಲಿ ಬೇಲಿ ಎಳೆದುಕೊಂಡು ಕೂತಿದೆ. ಊರಿಗೆ ಈಗ ಪಟ್ಟಣ ಪಂಚಾಯಿತಿ ಇದೆ, ನಾಡಕಚೇರಿ ಇದೆ. ಕಂದಾಯದ ಲೆಕ್ಕದಲ್ಲಿ ತಾಲ್ಲೂಕು ಚಳ್ಳಕೆರೆ, ಓಟಿನ ಲೆಕ್ಕದಲ್ಲಿ ಕ್ಷೇತ್ರ ಮೊಳಕಾಲ್ಮುರು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಮೀಸಲಿನ ಮಾತನ್ನು ಮೊದಲೇ ಎತ್ತಿದ್ದಕ್ಕೆ ಕಾರಣವಿದೆ. ಗಂಡ ಹೆಂಡತಿ ಬಿಟ್ಟು ಬೇರೆಯಾದಾಗ ಮಗು ಯಾರ ಬಳಿ ಇರಬೇಕೆಂಬ ಪ್ರಶ್ನೆ ಈ ಊರಲ್ಲಿ ಸೀದಾ ಆ ಪಂಗಡದ ಪಟ್ಟಿಗೇ ಹೋಗಿ ತಾಗುತ್ತದೆ.

ಬಸ್ಸಿಳಿದವರು ಮೊದಲು ಹೋಗುವುದು ಒಳಮಠಕ್ಕೆ. ಗುರು ತಿಪ್ಪೇರುದ್ರಸ್ವಾಮಿ ಊರೊಳಗೆ ನೆಲೆಸಿದ ಜಾಗ ಅದು. ಸಮಾಧಿ ಇರುವ ಹೊರಮಠ ಊರಾಚೆ, ಕೆರೆಯ ಮಗ್ಗುಲಿಗೆ. ಎರಡರ ನಡುವಿನ ತೇರುಬೀದಿ ವರ್ಷದ ಬಹುಪಾಲು ದಿನ ಸಾಮಾನ್ಯ ಬೀದಿ: ಹೂವಿನಂಗಡಿ, ಮಿರ್ಚಿ ಮಂಡಕ್ಕಿ, ನೆರಳಲ್ಲಿ ಕೂತ ಹಿರಿಯರು. ಫಾಲ್ಗುಣದಲ್ಲಿ ತೇರೆಳೆಯುವ ದಿನ ಮಾತ್ರ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹರಕೆ ಹೊತ್ತವರು ಕೊಬ್ಬರಿ ತಂದು ಸುಡುತ್ತಾರೆ, ಆ ಹೊಗೆಯ ವಾಸನೆ ಊರೆಲ್ಲ ಹಬ್ಬಿರುತ್ತದೆ. ಬೆಂಗಳೂರಿಗೆ ಕೂಲಿಗೆ, ಕಟ್ಟಡ ಕೆಲಸಕ್ಕೆ ಹೋದವರು ಯುಗಾದಿಗೆ ಬರದಿದ್ದರೂ ತೇರಿಗೆ ಬರುತ್ತಾರೆ. ಬೇರೆಯಾದ ಗಂಡನೂ ಬರುತ್ತಾನೆ, ಹೆಂಡತಿಯೂ ಬರುತ್ತಾಳೆ. ಅವತ್ತು ಮಗು ಯಾರ ಹೆಗಲ ಮೇಲೆ ಕೂತು ತೇರು ನೋಡಬೇಕು? ಎರಡು ಮನೆಗಳ ನಡುವೆ ವರ್ಷವಿಡೀ ಬೂದಿ ಮುಚ್ಚಿದ್ದ ಜಗಳ ಹೊತ್ತಿಕೊಳ್ಳುವುದಕ್ಕೆ ಅಷ್ಟೇ ಸಾಕು.

ಈ ಜಗಳ ಮೊದಲು ಏರುವುದು ಕೋರ್ಟಿನ ಮೆಟ್ಟಿಲನ್ನಲ್ಲ. ಮ್ಯಾಸಬೇಡರ, ಅಂದರೆ ಮ್ಯಾಸ ನಾಯಕರ, ನಾಡು ಇದು. ದೇವರ ಎತ್ತುಗಳನ್ನೂ ಅವನ್ನು ಕಾಯುವ ಕಿಲಾರಿಯನ್ನೂ ಇಂದಿಗೂ ಉಳಿಸಿಕೊಂಡ ಜನ. ಅವರ ಒಳಗಿನ ನ್ಯಾಯ ನಡೆಯುವ ಜಾಗ ಕಟ್ಟೆಮನೆ. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದ ಕಟ್ಟೆಮನೆ ಇವುಗಳಲ್ಲಿ ಹೆಸರಾದದ್ದು. ಪಕ್ಕದ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರಿಗೆ ಅವರದೇ ಹಿರಿಯರು, ಅವರದೇ ಕಟ್ಟು. ಮಿಕ್ಕವರಿಗೆ ಊರ ಪಂಚಾಯ್ತಿ, ಮಠದ ಮುಂದಿನ ಕಟ್ಟೆ, ಈಚೆಗೆ ಯಾರಾದರೂ ಪುಢಾರಿಯ ಮನೆಯಂಗಳ. ಕಟ್ಟೆಯ ನ್ಯಾಯವನ್ನು ಹಳಿಯುವುದು ಪೇಟೆಯವರಿಗೆ ಸುಲಭ. ಆದರೆ ಅದರ ಗುಣವನ್ನೂ ಹೇಳಬೇಕು. ಒಂದೇ ದಿನದಲ್ಲಿ ಮುಗಿಯುತ್ತದೆ, ಖರ್ಚಿಲ್ಲ. ಬಿಟ್ಟ ಹೆಣ್ಣಿಗೆ ಮೈಲಿಗೆ ಅಂಟಿಸುವುದಿಲ್ಲ. ಪೇಟೆಯ ಮೇಲ್ಜಾತಿಗಳು ವಿಧವೆಯನ್ನೇ ಮೂಲೆಗೆ ಕೂರಿಸುತ್ತಿದ್ದ ಕಾಲದಲ್ಲೂ ಬಯಲುಸೀಮೆಯ ಎಷ್ಟೋ ಜಾತಿಗಳಲ್ಲಿ ಬಿಡುಗಡೆ ಪಡೆದ ಹೆಣ್ಣು ಕೂಡಿಕೆಯಾಗಿ ಮತ್ತೆ ಸಂಸಾರ ಹೂಡುತ್ತಿದ್ದಳು. ಗಂಡು ಹೆಣ್ಣನ್ನು ಬಿಡಿಸುವ ವಿಷಯದಲ್ಲಿ ಕಟ್ಟೆಮನೆ ಕೋರ್ಟಿಗಿಂತ ಹಿಂದಿರಲಿಲ್ಲ.

ಅದು ಎಡವುವುದು ಮಗುವಿನ ವಿಷಯದಲ್ಲಿ. ಕಟ್ಟೆಯ ಮೇಲೆ ಮಗು ಎಂದರೆ ಮೊದಲು ಒಂದು ಬೆಡಗು, ಅಂದರೆ ಕುಲ. ತಂದೆಯ ಬೆಡಗಿಗೆ ಸೇರಿದ್ದು, ಆದ್ದರಿಂದ ತಂದೆಯ ಮನೆಗೆ ಸೇರಿದ್ದು. ಹಾಲು ಕುಡಿಯುವ ಕೂಸಾದರೆ ತಾಯಿಯ ಬಳಿ ಬಿಡುತ್ತಾರೆ, ಆಮೇಲೆ ಕರೆದುಕೊಂಡು ಹೋಗುವ ಮಾತಿಟ್ಟು. ತಾಯಿ ಕೂಡಿಕೆಯಾದರೆ ಆ ಮಾತು ಇನ್ನೂ ಗಟ್ಟಿ. ಎರಡು ಮಕ್ಕಳಿದ್ದರೆ ಗಂಡು ಇವನಿಗೆ, ಹೆಣ್ಣು ಅವಳಿಗೆ ಎಂದು ಹಂಚುವ ಪಂಚಾಯ್ತಿಗಳಿಗೂ ಬರವಿಲ್ಲ. ಅಣ್ಣ ತಂಗಿ ಒಬ್ಬರಿಗೊಬ್ಬರು ಏನು ಎಂಬುದು ಅಲ್ಲಿ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಈಗ ಇದೆಲ್ಲ ಕಾಗದಕ್ಕೂ ಇಳಿಯುತ್ತದೆ. ನಾಡಕಚೇರಿ, ತಾಲ್ಲೂಕು ಕಚೇರಿಗಳ ಎದುರಿನ ಟೈಪಿಂಗ್ ಅಂಗಡಿಗಳಲ್ಲಿ ಪಹಣಿ, ಜಾತಿ ಪ್ರಮಾಣಪತ್ರದ ಅರ್ಜಿಗಳ ಜೊತೆಗೆ ಈ ಬಗೆಯ ಕರಾರು ಪತ್ರವನ್ನೂ ಹೊಡೆದುಕೊಡುತ್ತಾರೆ. ಕರ್ನಾಟಕದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಒಕ್ಕಣೆ ಹೆಚ್ಚುಕಡಿಮೆ ಒಂದೇ. ಮೇಲೆ ಛಾಪಾ ಕಾಗದ. ಕೆಳಗೆ, ತಮ್ಮಿಬ್ಬರಲ್ಲಿ ಹೊಂದಾಣಿಕೆ ಇಲ್ಲದ ಕಾರಣ ಪಂಚರ ಸಮಕ್ಷಮ ಸ್ವಇಚ್ಛೆಯಿಂದ ಬೇರೆಯಾಗಿರುವುದಾಗಿ ಒಂದು ವಾಕ್ಯ. ಇಂದಿನಿಂದ ಒಬ್ಬರ ಮೇಲೊಬ್ಬರಿಗೆ ಹಕ್ಕಿಲ್ಲವೆಂದು ಇನ್ನೊಂದು. ಕೊಟ್ಟ ಒಡವೆ, ಪಾತ್ರೆಗೆ ಪಟ್ಟಿ. ಕೊನೆಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ಒಂದೂವರೆ ಸಾಲಿನಲ್ಲಿ ಮಗು: ಇಂಥವರ ವಶದಲ್ಲಿರುವುದು, ಮತ್ತೊಬ್ಬರು ಕೇಳತಕ್ಕದ್ದಲ್ಲ, ಜೀವನಾಂಶವನ್ನೂ ಕೇಳತಕ್ಕದ್ದಲ್ಲ. ಹೆಬ್ಬೆಟ್ಟು, ಸಾಕ್ಷಿಗಳು, ನೋಟರಿಯ ಕೆಂಪು ಮೊಹರು. ಮೊಹರು ಕಂಡ ಕೂಡಲೇ ಕೋರ್ಟಿನ ಆದೇಶವೇ ಆಯಿತೆಂದು ಜನ ನಂಬುತ್ತಾರೆ. ಪಾತ್ರೆಗಳಿಗೆ ಅರ್ಧ ಪುಟ, ಮಗುವಿಗೆ ಒಂದೂವರೆ ಸಾಲು.

ಈ ಕಾಗದಕ್ಕೆ ಬೆಲೆ ಏನು? ಎರಡು ಭಾಗ ಮಾಡಿ ನೋಡಬೇಕು, ಏಕೆಂದರೆ ನಾಯಕನಹಟ್ಟಿಯಲ್ಲಿ ಒಂದೇ ಬೀದಿಯ ಎರಡು ಮನೆಗಳಿಗೆ ಎರಡು ಕಾನೂನು.

1955ರ ಹಿಂದೂ ವಿವಾಹ ಕಾಯ್ದೆಯ 2ನೇ ಕಲಮು, ಅಧಿಸೂಚನೆ ಹೊರಡಿಸದ ಹೊರತು ಈ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ಅನ್ವಯಿಸುವುದಿಲ್ಲ ಎನ್ನುತ್ತದೆ. 1991ರ ತಿದ್ದುಪಡಿಯಲ್ಲಿ ನಾಯಕ, ಬೇಡ, ವಾಲ್ಮೀಕಿ ಮುಂತಾದ ಹೆಸರುಗಳು ಕರ್ನಾಟಕದ ಪಂಗಡದ ಪಟ್ಟಿಗೆ ಸ್ಪಷ್ಟವಾಗಿ ಸೇರಿದವು. ಮೀಸಲಾತಿ ಬಂತು, ಅದರ ಬೆನ್ನಿಗೆ ಯಾರೂ ಅಷ್ಟಾಗಿ ಯೋಚಿಸದ ಇದೊಂದು ಪರಿಣಾಮವೂ ಬಂತು. ನಾಯಕರ ಮನೆಯ ಮದುವೆ ಮುರಿದರೆ ಅಕ್ಷರಶಃ ನೋಡಿದಾಗ ಹಿಂದೂ ವಿವಾಹ ಕಾಯ್ದೆಯ ಬಾಗಿಲು ಮುಚ್ಚಿದೆ. ಅಲ್ಲಿ ನಡೆಯಬೇಕಾದ್ದು ಪಂಗಡದ ರೂಢಿ. ರೂಢಿ ಇದೆ ಎನ್ನುವವರು ಅದನ್ನು ಸಾಬೀತು ಮಾಡಬೇಕು ಎಂದು 2001ರಲ್ಲಿ ಸಂತಾಲ–ಒರಾಂವ್ ದಂಪತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 2021ರಲ್ಲಿ ರಾಜಸ್ಥಾನದ ಮೀನಾ ಪಂಗಡದ ದಂಪತಿಯ ವಿಷಯದಲ್ಲಿ ದೆಹಲಿ ಹೈಕೋರ್ಟ್, ಹಿಂದೂ ಶಾಸ್ತ್ರದಂತೆ ಮದುವೆಯಾಗಿ ಹಿಂದೂ ಆಚರಣೆಯಲ್ಲೇ ಬಾಳಿದವರಿಗೆ ಈ ಕಾಯ್ದೆ ಸಲ್ಲುತ್ತದೆ ಎಂದಿತು. ತಕರಾರು ಎತ್ತುವವರಿಲ್ಲದಿದ್ದರೆ ಅರ್ಜಿ ಹಾಗೇ ನಡೆದುಹೋಗುವುದೂ ಉಂಟು. ಎದುರು ವಕೀಲರು ಚುರುಕಾಗಿದ್ದರೆ ಮಾತ್ರ ಮೊದಲ ವಾಯಿದೆಯಲ್ಲೇ ಈ ಪ್ರಶ್ನೆ ಎದ್ದು ಕೂರುತ್ತದೆ.

ಆಚೆ ಮನೆಯ ಕಾಡುಗೊಲ್ಲರು ಪಂಗಡದ ಪಟ್ಟಿಯಲ್ಲಿಲ್ಲ. ಸೇರಿಸಿರೆಂದು ಕೇಳುತ್ತಲೇ ಇದ್ದಾರೆ. ಅವರಿಗೂ, ಲಿಂಗಾಯತರಿಗೂ, ಪರಿಶಿಷ್ಟ ಜಾತಿಯವರಿಗೂ ಹಿಂದೂ ವಿವಾಹ ಕಾಯ್ದೆಯೇ. ಅವರಲ್ಲಿ ರೂಢಿಯ ವಿಚ್ಛೇದನ ಇದ್ದರೆ 29ನೇ ಕಲಮು ಅದನ್ನು ಉಳಿಸಿದೆ. ಅದನ್ನೂ ಸಾಬೀತು ಮಾಡಲೇಬೇಕೆಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ರೂಢಿ ಇಲ್ಲದ ಜಾತಿಯವರು ನೋಟರಿ ಮುಂದೆ ಬರೆದ ವಿಚ್ಛೇದನ ಪತ್ರಕ್ಕೆ ಕಾಗದದ ಬೆಲೆಯಷ್ಟೇ.

ಮದುವೆಯ ಮಾತು ಇಷ್ಟು ಸಿಕ್ಕು. ಮಗುವಿನ ಮಾತು ಇಷ್ಟು ಸಿಕ್ಕಲ್ಲ. ಇದನ್ನೇ ಕಟ್ಟೆಯಲ್ಲಿ ಕೂರುವ ಹಿರಿಯರಿಗೂ ಕರಾರು ಪತ್ರ ಬರೆಯುವವರಿಗೂ ಕೂಗಿ ಹೇಳಬೇಕಾಗಿರುವುದು. ಪೋಷಕರು ಮತ್ತು ಪಾಲಿತರ ಕಾಯ್ದೆ 1890ರದು, ಬ್ರಿಟಿಷರ ಕಾಲದ್ದು. ಅದರ ಬಾಗಿಲು ನಾಯಕರಿಗೆ, ಗೊಲ್ಲರಿಗೆ, ಮುಸ್ಲಿಮರಿಗೆ ಎಲ್ಲರಿಗೂ ತೆರೆದಿದೆ. ಮದುವೆ ಯಾವ ಕಾನೂನಿನಡಿ ಆಯಿತು, ಯಾವ ಕಟ್ಟೆಯಲ್ಲಿ ಮುರಿಯಿತು ಎಂಬುದನ್ನು ಮೊದಲು ತೀರ್ಮಾನಿಸದೆಯೂ ಮಗುವಿನ ಅರ್ಜಿಯನ್ನು ಅಲ್ಲಿ ಹಾಕಬಹುದು. ಮಗುವಿನ ಹಿತವೇ ಮೇಲು, ಅಪ್ಪ ಅಮ್ಮನ ಹಕ್ಕು ಆಮೇಲೆ ಎಂಬುದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿರುವ ಮಾತು. ಆದ್ದರಿಂದ ಮಗುವನ್ನು ಇನ್ನೆಂದೂ ಕೇಳುವುದಿಲ್ಲ ಎಂದು ತಾಯಿ ಹೆಬ್ಬೆಟ್ಟು ಒತ್ತಿದ್ದರೂ ನ್ಯಾಯಾಧೀಶರ ಕೈ ಕಟ್ಟುವುದಿಲ್ಲ. ಜೀವನಾಂಶ ಬೇಡವೆಂದು ಅವಳು ಬರೆದುಕೊಟ್ಟರೂ ಮಗುವಿನ ಜೀವನಾಂಶದ ಹಕ್ಕು ಹೋಗುವುದಿಲ್ಲ, ಏಕೆಂದರೆ ಅದು ಅವಳದಲ್ಲ, ಮಗುವಿನದು.

ಎಳೆಗೂಸಿನ ವಿಷಯದಲ್ಲಿ ಕಟ್ಟೆಗೂ ಕೋರ್ಟಿಗೂ ದೊಡ್ಡ ಭಿನ್ನಾಭಿಪ್ರಾಯವಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ; ವಿವಾಹ ಕಾಯ್ದೆಯಂತೆ ಇದೂ ಅಧಿಸೂಚನೆ ಇಲ್ಲದೆ ಪರಿಶಿಷ್ಟ ಪಂಗಡದವರಿಗೆ ನೇರವಾಗಿ ಅನ್ವಯಿಸುವುದಿಲ್ಲ. ಜಗಳ ಶುರುವಾಗುವುದು ಐದಾದ ಮೇಲೆ. ಕಟ್ಟೆಯ ಲೆಕ್ಕದಲ್ಲಿ ಆಗ ಮಗು ತಂದೆಯ ಮನೆಗೆ ಹೊರಡಬೇಕು. ಕೋರ್ಟಿನ ಲೆಕ್ಕದಲ್ಲಿ ಐದರ ಹುಟ್ಟುಹಬ್ಬದ ಮರುದಿನ ಏನೂ ತಾನಾಗಿ ಬದಲಾಗುವುದಿಲ್ಲ. ಮಗುವಿನ ವಯಸ್ಸು, ಹೆಣ್ಣೋ ಗಂಡೋ, ಕೇಳುವವರ ನಡತೆ, ಸಾಕುವ ಶಕ್ತಿ, ಇಲ್ಲಿಯವರೆಗೆ ಮಗು ಯಾರ ಜೊತೆ ಹೇಗಿತ್ತು, ಇವೆಲ್ಲ ತೂಕಕ್ಕೆ ಬರುತ್ತವೆ. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು ಎಂದು 1890ರ ಕಾಯ್ದೆಯ 17ನೇ ಕಲಮಿನಲ್ಲೇ ಇದೆ. ನ್ಯಾಯಾಧೀಶರು ಮಗುವನ್ನು ಚೇಂಬರಿಗೆ ಕರೆದು ಒಬ್ಬಂಟಿಯಾಗಿ ಮಾತಾಡಿಸುವುದು ಇದಕ್ಕೇ. ಇಲ್ಲಿ ಒಂದು ಸಣ್ಣ ಸಂಗತಿ: ಈ ಭಾಗದ ಎಷ್ಟೋ ನಾಯಕರ ಮನೆಗಳಲ್ಲಿ ಮನೆಮಾತು ತೆಲುಗು, ಕನ್ನಡ ಶಾಲೆಯಲ್ಲಿ ಕಲಿತದ್ದು. ಆರು ವರ್ಷದ ಮಗು ತನ್ನ ಮನಸ್ಸಿನದನ್ನು ಯಾವ ಭಾಷೆಯಲ್ಲಿ ಹೇಳುತ್ತದೆ ಎಂಬುದನ್ನು ವಕೀಲರು ಮೊದಲೇ ನ್ಯಾಯಾಧೀಶರ ಗಮನಕ್ಕೆ ತರುವುದು ಒಳ್ಳೆಯದು.

ತಾಯಿಯೇ ಮಗುವಾಗಿರುವ ಪ್ರಕರಣಗಳೂ ಇವೆ. ಈ ಬಯಲಿನ ಹಟ್ಟಿಗಳಲ್ಲಿ ಬಾಲ್ಯವಿವಾಹ ಇನ್ನೂ ಹಳೆಯ ಕಥೆಯಾಗಿಲ್ಲ. 2016ರ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಮದುವೆಯೇ ಆಗಿಲ್ಲವಲ್ಲ, ಇನ್ನು ಜೀವನಾಂಶ ಎಲ್ಲಿಂದ ಎಂದು ಗಂಡಿನ ಕಡೆಯವರು ಬಾಯಿ ಮುಚ್ಚಿಸಲು ನೋಡುತ್ತಾರೆ. ಇದು ಸುಳ್ಳು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಅಂಥ ಮದುವೆಯಿಂದ ಹುಟ್ಟಿದ ಮಗುವಿನ ವಶ ಮತ್ತು ಜೀವನಾಂಶಕ್ಕೆಂದೇ ಕಲಮು ಇದೆ. ಮಗು ಎಲ್ಲ ರೀತಿಯಲ್ಲೂ ಸಕ್ರಮ.

ಮಗುವನ್ನು ಇಬ್ಬರಿಗೂ ಹಂಚಬಹುದಲ್ಲ ಎಂದು ಕೇಳುವವರಿಗೆ ಕರ್ನಾಟಕ ಹೈಕೋರ್ಟಿನದೇ ಒಂದು ಉದಾಹರಣೆ ಇದೆ. 2013ರಲ್ಲಿ ವಿಭಾಗೀಯ ಪೀಠವೊಂದು ಹನ್ನೆರಡು ವರ್ಷದ ಮಗುವಿನ ವಿಷಯದಲ್ಲಿ ಜನವರಿ 1ರಿಂದ ಜೂನ್ 30ರವರೆಗೆ ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ ಎಂದು ಆದೇಶಿಸಿತು. ಓದಿನ ಖರ್ಚು ಇಬ್ಬರಿಗೂ ಸಮ. ಒಬ್ಬರ ಬಳಿ ಇದ್ದಾಗ ಇನ್ನೊಬ್ಬರಿಗೆ ಶನಿವಾರ, ಭಾನುವಾರ ಭೇಟಿ. ದೂರವಾಣಿ, ವಿಡಿಯೊ ಕರೆಗೂ ಅವಕಾಶ. 2015ರಲ್ಲಿ ಕೇಂದ್ರ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಯ ಬಗ್ಗೆ ಬರೆಯುವಾಗ ಈ ತೀರ್ಪನ್ನು ಪ್ರಸ್ತಾಪಿಸಿತು.

ತೀರ್ಪು ಒಳ್ಳೆಯದೇ. ತೇರುಬೀದಿಯಲ್ಲಿ ನಿಂತು ಓದಿದಾಗ ಮಾತ್ರ ಅದು ಈ ಊರಿನದಲ್ಲ ಅನ್ನಿಸುತ್ತದೆ. ತಂದೆ ಬೆಂಗಳೂರಿನ ಪೀಣ್ಯದಲ್ಲಿ, ತಾಯಿ ನಾಯಕನಹಟ್ಟಿಯ ತವರಿನಲ್ಲಿ ಇದ್ದಾರೆಂದು ಇಟ್ಟುಕೊಳ್ಳಿ. ನಮ್ಮ ಶಾಲೆಗಳು ತೆರೆಯುವುದು ಜೂನ್ ಹೊತ್ತಿಗೆ. ಶಾಲೆ ಸೇರಿದ ತಿಂಗಳಿಗೆ ಮಗು ವರ್ಗಾವಣೆ ಪತ್ರ ಹಿಡಿದು ಇನ್ನೂರು ಕಿಲೋಮೀಟರ್ ಆಚೆ ಹೊರಡಬೇಕೆ? ವಾರಾಂತ್ಯದ ಭೇಟಿ ಎಂದರೆ ಶನಿವಾರದ ದುಡಿಮೆ ಕಳೆದುಕೊಳ್ಳುವುದು, ಎರಡೂ ಕಡೆ ಬಸ್ಸಿಗೆ ಸುರಿಯುವುದು. ಒಂದೇ ಪೇಟೆಯಲ್ಲಿ ಎರಡು ಮನೆ ಇರುವವರಿಗೆ ಒಪ್ಪುವ ಅಳತೆ ಕೂಲಿ ಮನೆಗೆ ಒಪ್ಪುವುದಿಲ್ಲ.

ಇಲ್ಲಿಗೆ ಇಲ್ಲಿಯದೇ ಕರಾರು ಬೇಕು. ಭೇಟಿಯ ದಿನಗಳನ್ನು ಇಬ್ಬರೂ ಒಪ್ಪಿ ಕೊಟ್ಟರೆ, ಅದು ಮಗುವಿಗೆ ಹಿತವೆಂದು ಕಂಡರೆ, ನ್ಯಾಯಾಲಯ ಹಾಗೇ ಆದೇಶದಲ್ಲಿ ಬರೆಯುತ್ತದೆ. ಹಾಗಿದ್ದಮೇಲೆ ದಸರಾ ರಜೆ, ಬೇಸಿಗೆ ರಜೆ ಎಂದು ಬೆಂಗಳೂರಿನ ಅರ್ಜಿಯನ್ನು ನಕಲು ಮಾಡಿ ನಿಲ್ಲಿಸುವುದೇಕೆ? ತಿಪ್ಪೇರುದ್ರಸ್ವಾಮಿಯ ತೇರಿನ ದಿನ ಮಗು ಈ ವರ್ಷ ಅಪ್ಪನ ಜೊತೆ, ಬರುವ ವರ್ಷ ಅಮ್ಮನ ಜೊತೆ ಎಂದು ಬರೆಸಿ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಯಾರು ಕರೆದೊಯ್ಯಬೇಕೆಂದು ಬರೆಸಿ. ಮನೆದೇವರ ಹಬ್ಬಕ್ಕೆ ತಂದೆಯ ಹಟ್ಟಿಗೆ ಎಷ್ಟು ದಿನ, ಕರೆದೊಯ್ಯುವವರು ಯಾರು, ಬಿಟ್ಟುಹೋಗುವ ಜಾಗ ಯಾವುದು, ಬಸ್ ಚಾರ್ಜು ಯಾರದು, ವಾರದ ಯಾವ ದಿನ ಎಷ್ಟು ಗಂಟೆಗೆ ಫೋನು, ಎಲ್ಲ ಬರೆಸಿ. ಕಟ್ಟೆಯ ಹಿರಿಯರು ನೆರವಾಗಬಹುದಾದ ಕೆಲಸ ಇದು. ಎರಡು ಮನೆಯ ಹಬ್ಬ ಹರಿದಿನ ಅವರಿಗೆ ಗೊತ್ತಿರುವಷ್ಟು ಯಾವ ವಕೀಲರಿಗೂ ಗೊತ್ತಿಲ್ಲ. ಅವರು ಕೂರಿಸಿ ಮಾತಾಡಿಸಲಿ. ಆಮೇಲೆ ಆ ಕಾಗದ ಕಪಾಟು ಸೇರದೆ ಕೋರ್ಟು ಸೇರಲಿ.

ಹಣದ ಮಾತಿಗೆ ಬಂದರೆ ಹೊರಮಠದ ದಾರಿಯಲ್ಲಿ ತಿಪ್ಪೇರುದ್ರಸ್ವಾಮಿಯ ‘ಮಾಡಿದಷ್ಟು ನೀಡು ಭಿಕ್ಷೆ’ ನೆನಪಾಗುತ್ತದೆ. ಕೆರೆ ಕಟ್ಟಿಸಿದಾಗ ದುಡಿದವರಿಗೆ ದುಡಿದಷ್ಟೇ ಕೂಲಿ ಸಿಕ್ಕಿತೆಂಬ ಕಥೆ ಇಲ್ಲಿ ಮಕ್ಕಳ ಬಾಯಲ್ಲೂ ಇದೆ. ಜೀವನಾಂಶದಲ್ಲಿ ಈ ಲೆಕ್ಕ ತಲೆಕೆಳಗು. ಸಾಕುವವಳು ತಾಯಿ, ಕೈಗೆ ಬರುವುದು ಸೊನ್ನೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು, ಅಂದರೆ 2024ರ ಜುಲೈ 1ರವರೆಗೆ ನಮಗೆ ಗೊತ್ತಿದ್ದ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, ಎಲ್ಲ ಜಾತಿ, ಪಂಗಡ, ಧರ್ಮದ ಮಕ್ಕಳಿಗೂ ಒಂದೇ. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು, ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯದ ವಿವರವನ್ನು ಅಫಿಡವಿಟ್ ಮೂಲಕ ಸಲ್ಲಿಸಬೇಕು ಎಂದಿತು. ಆಟೊ ಓಡಿಸುವವನಿಗೆ, ಗಾರೆ ಕೆಲಸದವನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಇಲ್ಲಿ ಕೈಹಿಡಿಯುವುದು ನಾಡಕಚೇರಿಯಲ್ಲಿ ಸಿಗುವ ಪಹಣಿ. ಗಂಡನ ಹೆಸರಲ್ಲಿ ಎಷ್ಟು ಎಕರೆ, ಬೆಳೆ ಶೇಂಗಾವೋ ಈರುಳ್ಳಿಯೋ, ನೀರಾವರಿ ಇದೆಯೋ ಇಲ್ಲವೋ ಅದರಲ್ಲಿ ಕಾಣುತ್ತದೆ. ಅರ್ಜಿ ಹಾಕುವ ಮುನ್ನ ಅದೊಂದನ್ನು ತೆಗೆಸಿಟ್ಟುಕೊಳ್ಳುವುದು ಜಾಣತನ.

ಇನ್ನುಳಿದವಳು ಅಜ್ಜಿ. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಇಬ್ಬರೂ ಗುಳೆ ಹೋಗಿ ಮಗು ಅಜ್ಜಿಯ ಬಳಿ ಉಳಿಯುವುದು ಈ ಸೀಮೆಯ ಮಾಮೂಲು. ಸಂಸಾರ ಬೆಂಗಳೂರಿನಲ್ಲಿ ಮುರಿದರೂ ಮಗು ಇಲ್ಲಿರುತ್ತದೆ. 1890ರ ಕಾಯ್ದೆಯ 9ನೇ ಕಲಮಿನಂತೆ ಅರ್ಜಿ ಹೋಗಬೇಕಾದ್ದು ಮಗು ಸಾಮಾನ್ಯವಾಗಿ ವಾಸವಿರುವ ಜಾಗದ ನ್ಯಾಯಾಲಯಕ್ಕೆ. ಆದ್ದರಿಂದ ಬೆಂಗಳೂರಿನಲ್ಲಿ ವಕೀಲರನ್ನು ಹಿಡಿದ ತಂದೆಯೂ ಕೊನೆಗೆ ಈ ಜಿಲ್ಲೆಗೇ ಬರಬೇಕಾಗಬಹುದು. ಮಗುವನ್ನು ಅಂಗನವಾಡಿಗೆ, ಶಾಲೆಗೆ ಕಳಿಸಿದ ದಾಖಲೆ, ತಾಯಿ ಕಾರ್ಡು, ಲಸಿಕೆಯ ಚೀಟಿ, ಇವನ್ನೆಲ್ಲ ಅಜ್ಜಿ ಟ್ರಂಕಿನಲ್ಲಿ ಇಟ್ಟಿದ್ದರೆ ಅವೇ ಸಾಕ್ಷಿ.

ಪ್ರಕರಣದ ಬಗೆಗೆ ತಕ್ಕಂತೆ ಚಳ್ಳಕೆರೆಗೋ ಚಿತ್ರದುರ್ಗಕ್ಕೋ ಹೋಗಬೇಕು. ಹೊಡೆತ ಬಡಿತದ ಮನೆಯಾದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮಗುವಿನ ತಾತ್ಕಾಲಿಕ ವಶವನ್ನೂ ಮ್ಯಾಜಿಸ್ಟ್ರೇಟರು ಕೊಡಬಹುದು, ಅದಕ್ಕೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ದೂರು ಕೊಟ್ಟರೂ ನಡೆಯುತ್ತದೆ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಕಟ್ಟೆಯ ತೀರ್ಮಾನಕ್ಕೆ ತಲೆಬಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿ ಚಳ್ಳಕೆರೆಯ ನ್ಯಾಯಾಲಯದಲ್ಲೇ ಸಿಗುತ್ತದೆ. ಬಸ್ಸು ಹತ್ತುವ ಮೊದಲು ವಿಚಾರಿಸಬೇಕೆನ್ನುವವರಿಗೆ ಸಹಾಯವಾಣಿ 15100.